ಉತ್ತರ ಒಳನಾಡಿನ ಕೆಲವೆಡೆ

ಬಾನುಲಿಯ ಸುದ್ದಿ ಮುಗಿಯುವ ಹೊತ್ತಿಗೆ ಒಂದು ಮಾತು ಬಂದೇ ಬರುತ್ತದೆ: ಉತ್ತರ ಒಳನಾಡಿನ ಕೆಲವೆಡೆ ಗುಡುಗು ಸಹಿತ ಮಳೆಯಾಗುವ ಸಾಧ್ಯತೆ ಇದೆ. ರೋಣದ ಕಡೆಯ ನಮಗೆ ಈ ಕೆಲವೆಡೆ ಎಂಬ ಊರು ಎಲ್ಲಿದೆಯೋ ಇನ್ನೂ ಪತ್ತೆ ಹತ್ತಿಲ್ಲ. ಅಲ್ಲಿಯ ಕೆರೆ ಕೋಡಿ ಬಿದ್ದು ಹರಿಯುತ್ತಿರಬೇಕು, ಅಲ್ಲಿಯ ರೈತರು ಸಾಲ ತೀರಿಸಿ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತ ಕೂತಿರಬೇಕು. ನಮ್ಮ ಕಾಕಾ ರೇಡಿಯೋದ ಕಿವಿ ಹಿಂಡಿ ಬಂದ್ ಮಾಡುತ್ತ, "ಬೀದರದಿಂದ ಹಾವೇರಿತನಕಾ ಎಲ್ಲಾ ಒಳನಾಡಂತ. ಅಷ್ಟ್ರಾಗ ಎಲ್ಲೆರ ಒಂದ್ಕಡೆ ಮಳಿ ಬೀಳತೈತಿ ಅಂತ ನಾನೂ ಹೇಳ್ತೇನಿ. ನನಗೂ ಪಗಾರ ಕೊಡ್ರಿ" ಅನ್ನುತ್ತಿದ್ದ.

ಹವಾಮಾನ ಇಲಾಖೆಯವರ ಪರವಾಗಿಯೂ ಒಂದು ಮಾತು ಹೇಳಬೇಕು. ಈ ಪದಗಳನ್ನು ಅವರು ಬಾಯಿಗೆ ಬಂದಂತೆ ಬಳಸುವುದಿಲ್ಲ. ಮಾಪನ ಕೇಂದ್ರಗಳಲ್ಲಿ ಕಾಲುಪಾಲಿನೊಳಗೆ ಮಳೆ ಬಿದ್ದರೆ ಅದು ಒಂದೆರಡು ಕಡೆ, ಅರ್ಧದವರೆಗೆ ಕೆಲವೆಡೆ, ಮುಕ್ಕಾಲಿನವರೆಗೆ ಹಲವೆಡೆ, ಅದರಾಚೆಗೆ ಬಹುತೇಕ ಎಲ್ಲೆಡೆ. ಅದೂ ಕನಿಷ್ಠ 2.5 ಮಿಲಿಮೀಟರ್ ಬಿದ್ದಿರಬೇಕು. ಅಂಗಳದ ಧೂಳು ಅಡಗಿಸಿ ಹೋದದ್ದು ಲೆಕ್ಕಕ್ಕಿಲ್ಲ. ಭಾರೀ ಮಳೆ ಎಂದರೆ ಒಂದು ದಿನಕ್ಕೆ 64.5 ಮಿಲಿಮೀಟರಿನಿಂದ ಮೇಲೆ. ಈ ಗೆರೆ ಹೊನ್ನಾವರಕ್ಕೂ ಅದೇ, ರೋಣಕ್ಕೂ ಅದೇ. ಹೊನ್ನಾವರದಲ್ಲಿ ಜುಲೈನ ಯಾವುದೋ ಮಂಗಳವಾರ ಅಷ್ಟು ಸುರಿದರೆ ಜನ ಕೊಡೆ ಬಿಚ್ಚಿಕೊಂಡು ಮೀನು ತರಲು ಹೋಗುತ್ತಾರೆ. ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸು ಕಾಣುವ ನಮ್ಮಲ್ಲಿ ಅದು ಇಡೀ ವರ್ಷದ ಪಾಲಿನಲ್ಲಿ ಹತ್ತನೆಯ ಒಂದು ಭಾಗ. ಹೊಲದ ಒಡ್ಡು ಒಡೆದು ಮೇಲ್ಮಣ್ಣು ಪಕ್ಕದ ಊರಿನ ಹಳ್ಳ ಸೇರುತ್ತದೆ.

ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ ಎಂದು ಗಾದೆ ಕಟ್ಟಿದವರು ಹೆಸರು ಬೆಳೆದವರಲ್ಲ. ನಮ್ಮ ಕಡೆ ಮುಂಗಾರಿಗೆ ಹೆಸರೇ ದೊಡ್ಡ ಬೆಳೆ. ಜೂನ್‌ನಲ್ಲಿ ಹದ ಸಿಕ್ಕರೆ ಬಿತ್ತಿ, ಶ್ರಾವಣ ಕಳೆಯುವ ಹೊತ್ತಿಗೆ ಕಾಯಿ ಬಿಡಿಸಿ, ಆ ಹೊಲವನ್ನು ಹರಗಿ ಹಿಂಗಾರಿಯ ಬಿಳಿಜೋಳಕ್ಕೋ ಕಡಲೆಗೋ ಅಣಿ ಮಾಡಬೇಕು. ಕಾಯಿ ಒಣಗಿ ನಿಂತ ಆ ಎಂಟು ದಿನ ಜಿಟಿಜಿಟಿ ಹಿಡಿಯಿತೋ, ಗಿಡದಲ್ಲೇ ಮೊಳಕೆ ಒಡೆಯುತ್ತದೆ, ಕಾಳು ಕಪ್ಪಾಗುತ್ತದೆ, ಅಡತಿಯವ ಮುಷ್ಟಿಯಲ್ಲಿ ಹಿಡಿದು ನೋಡಿ ಮೂಗು ಮುರಿಯುತ್ತಾನೆ. ಆಗ ರೋಣ ಗಜೇಂದ್ರಗಡದ ಡಾಂಬರು ರಸ್ತೆಗಳಲ್ಲಿ ಅರ್ಧ ರಸ್ತೆ ಬಸ್ಸಿಗೆ, ಅರ್ಧ ರಸ್ತೆ ಹೆಸರಿಗೆ. ತಾಡಪತ್ರಿ ತಲೆದಿಂಬು ಮಾಡಿಕೊಂಡು ಮಲಗಿದವರು ಗಂಟೆಗೊಮ್ಮೆ ಎದ್ದು ಪಡುವಣಕ್ಕೆ ನೋಡುತ್ತಾರೆ. ಅವರಿಗೆ ಬೇಕಾದ ಮುನ್ಸೂಚನೆ ಬಹಳ ಚಿಕ್ಕದು. ಜಿಲ್ಲೆಗೆ ಎಷ್ಟು, ವಾಡಿಕೆಗಿಂತ ಹೆಚ್ಚೋ ಕಡಿಮೆಯೋ, ಶೇಕಡಾ ಎಷ್ಟು, ಇದ್ಯಾವುದೂ ಬೇಡ. ಈ ರಸ್ತೆಯ ಈ ತಿರುವಿನಲ್ಲಿ ಸಂಜೆ ನಾಲ್ಕರೊಳಗೆ ಬೀಳುತ್ತದೋ ಇಲ್ಲವೋ, ಅಷ್ಟು ಹೇಳಿದರೆ ಸಾಕು.

ಅಷ್ಟನ್ನು ಹೇಳುವುದೇ ಈ ವಿದ್ಯೆಯಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ. ಇದನ್ನು ಕಣ್ಣಾರೆ ಕಾಣಬೇಕಾದರೆ ಹುಬ್ಬಿ ಮಳೆಯ ದಿನಗಳಲ್ಲಿ ನರಗುಂದದ ಗುಡ್ಡ ಹತ್ತಬೇಕು. 1858ರಲ್ಲಿ ಬಾಬಾಸಾಹೇಬ ಭಾವೆ ಇಂಗ್ಲಿಷರ ವಿರುದ್ಧ ಎದ್ದು ನಿಂತ ಕೋಟೆ ಅದೇ ಗುಡ್ಡದ ಮೇಲಿದೆ. ಸುತ್ತ ನಾಲ್ಕೂ ದಿಕ್ಕಿಗೆ ಕರಿ ಮಣ್ಣಿನ ಎರಿ ಭೂಮಿ, ಕಣ್ಣು ಸೋಲುವವರೆಗೆ ಬಯಲು. ಮಧ್ಯಾಹ್ನ ಮೂರರ ಮೇಲೆ ಅಲ್ಲೊಂದು ಇಲ್ಲೊಂದು ಮೋಡ ಎದ್ದು, ಒಂದು ಶಿರೋಳದ ಕಡೆ ಕಾಲೂರಿದರೆ ಇನ್ನೊಂದು ನವಲಗುಂದದ ಕಡೆ. ನಡುವಿನ ಊರುಗಳಲ್ಲಿ ಚುರುಚುರು ಬಿಸಿಲು. ಇಂಥ ಗುಡುಗಿನ ಮೋಡದ ಅಡ್ಡಗಲ ಕೆಲವೇ ಕಿಲೋಮೀಟರ್, ಆಯುಷ್ಯ ಒಂದು ತಾಸು ಹೆಚ್ಚುಕಡಿಮೆ. ಅದು ಹುಟ್ಟುವ ಮುಂಚೆ ಯಾವ ಹೊಲದ ಮೇಲೆ ಹುಟ್ಟುತ್ತದೆಂದು ಹೇಳಬಲ್ಲ ಯಂತ್ರ ಇನ್ನೂ ಬಂದಿಲ್ಲ. 2025ರ ಮೇ ತಿಂಗಳಲ್ಲಿ ಭಾರತ ಸರಕಾರ ಹೊಸ ಮುನ್ಸೂಚನಾ ಮಾದರಿಯೊಂದನ್ನು ಬಳಕೆಗೆ ತಂದಿತು. ದೇಶವನ್ನು ಆರು ಕಿಲೋಮೀಟರಿನ ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕುತ್ತದೆ. ಮುಂಚೆ ಹನ್ನೆರಡರ ಚೌಕವಿತ್ತು. ಸಣ್ಣ ಸಾಧನೆಯಲ್ಲ. ಆದರೆ ಆರು ಕಿಲೋಮೀಟರ್ ಎಂದರೆ ನಮ್ಮಲ್ಲಿ ಒಂದು ಊರಿನ ಅಗಸಿಯಿಂದ ಇನ್ನೊಂದು ಊರಿನ ಅಗಸಿ. ಒಬ್ಬನ ಹೆಸರು ತೋಯ್ದು ಅವನ ಬೀಗನ ಹೆಸರು ಒಣಗಿ ಉಳಿಯಲು ಅಷ್ಟು ಜಾಗ ಧಾರಾಳ ಸಾಕು.

ಯಂತ್ರಗಳು ಬರುವ ಮುಂಚಿನ ಏರ್ಪಾಟು ಬೇರೆಯೇ ಇತ್ತು, ಇನ್ನೂ ಇದೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಕಳೆಯುವ ಹದಿಮೂರು ಹದಿನಾಲ್ಕು ದಿನಗಳೇ ಒಂದೊಂದು ಮಳೆ. ರೋಹಿಣಿ, ಮಿರಗ, ಆರಿದ್ರಾ ಎಂದು ಶುರುವಾಗಿ ಉತ್ತರಿ, ಹಸ್ತ, ಚಿತ್ತಿ ದಾಟಿ ಸ್ವಾತಿಯವರೆಗೆ ನಮ್ಮವರು ಮಳೆಯನ್ನು ಮನೆಯ ಹೆಣ್ಣುಮಕ್ಕಳನ್ನು ಕರೆದಂತೆ ಹೆಸರು ಹಿಡಿದು ಕರೆಯುತ್ತಾರೆ. ಪಂಚಾಂಗದಲ್ಲಿ ಪ್ರತಿ ಮಳೆಗೂ ಒಂದು ವಾಹನ. ಸೂರ್ಯನ ನಕ್ಷತ್ರದಿಂದ ಚಂದ್ರನ ನಕ್ಷತ್ರದವರೆಗೆ ಎಣಿಸಿ, ಒಂಬತ್ತರಿಂದ ಭಾಗಿಸಿ, ಉಳಿದದ್ದನ್ನು ನೋಡಿ ಹೇಳುತ್ತಾರೆ. ಆನೆ, ಕಪ್ಪೆ, ಎಮ್ಮೆ ಬಂದರೆ ಮಳೆ ಜೋರು. ನರಿ, ಟಗರು ಬಂದರೆ ಆಕಾಶ ನೋಡುತ್ತ ಕೂಡಬೇಕು. ಕಾಕಾ ಯುಗಾದಿಯ ದಿನ ಪಂಚಾಂಗ ಕೇಳಿ ಬಂದು, "ಹಸ್ತಕ್ಕ ಕಪ್ಪಿ ಬಂದೈತಿ, ಕಡ್ಲಿ ಬೀಜ ಹೆಚ್ಚಿಗಿ ಇಡ್ರಿ" ಎಂದು ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿಡುತ್ತಿದ್ದ. ತಪ್ಪಿದ ವರ್ಷ ಆ ಗೋಡೆಗೆ ದೀಪಾವಳಿಗೆ ಮೊದಲೇ ಸುಣ್ಣ ಬೀಳುತ್ತಿತ್ತು.

ಇಲ್ಲಿ ಒಂದು ಅಡ್ಡ ಮಾತು. ನಕ್ಷತ್ರದ ವರ್ಷಕ್ಕೂ ಋತುಗಳ ವರ್ಷಕ್ಕೂ ಇಪ್ಪತ್ತು ನಿಮಿಷದ ವ್ಯತ್ಯಾಸವಿದೆ. ಎಪ್ಪತ್ತು ಚಿಲ್ಲರೆ ವರ್ಷಕ್ಕೆ ಅದು ಒಂದು ದಿನವಾಗುತ್ತದೆ, ಸಾವಿರ ವರ್ಷಕ್ಕೆ ಹದಿನಾಲ್ಕು ದಿನ. ಎಂದರೆ ಹನ್ನೊಂದನೆಯ ಶತಮಾನದಲ್ಲಿ, ಚಾಲುಕ್ಯರ ಅಕ್ಕಾದೇವಿ ಸೂಡಿಯಲ್ಲಿದ್ದುಕೊಂಡು ಈ ಸೀಮೆಯನ್ನು ಆಳುತ್ತಿದ್ದಾಗ, ರೋಹಿಣಿ ಕೂಡುತ್ತಿದ್ದದ್ದು ಮೇ 25ರ ಹೊತ್ತಿಗಲ್ಲ, ಬಿಸಿಲಿನ ಲೆಕ್ಕದಲ್ಲಿ ಅದಕ್ಕೂ ಎರಡು ವಾರ ಮುಂಚೆ. ಇಡೀ ಒಂದು ಮಳೆಯಷ್ಟು ಅಂತರ! ಸೂಡಿಯ ನಾಗಕುಂಡದ ಮೆಟ್ಟಿಲ ಮೇಲೆ ಕೂತು ನೀರು ಸೇದಿದವರ ರೋಹಿಣಿ ಇಂದಿನ ಕೃತ್ತಿಕೆ. ರೋಹಿಣಿ ಬಂದರೆ ಓಣಿಯೆಲ್ಲ ಜೋಳ ಎನ್ನುವ ಗಾದೆ ಅಷ್ಟು ಹಳೆಯದಾಗಿದ್ದರೆ, ಅದು ಬೇರೆ ಯಾವುದೋ ಹದಿನೈದು ದಿನದ ಬಗ್ಗೆ ಆಡಿದ ಮಾತು. ಇದನ್ನು ಊರಲ್ಲಿ ಹೇಳಿ ನೋಡಿದೆ. "ಮಳೀನ ಹೊತ್ತಿಗೆ ಬರವಲ್ದು, ನಕ್ಷತ್ರ ತಡಾ ಮಾಡಿದ್ರ ಏನ್ ತಪ್ಪು ಬಿಡ್ರಿ" ಎಂದರು.

ಗಜೇಂದ್ರಗಡದ ಕಾಲಕಾಲೇಶ್ವರ ಗುಡಿಯದು ಇನ್ನೊಂದು ಬಗೆ. ಯುಗಾದಿಯ ಹೊತ್ತಿಗೆ ಸುಣ್ಣವನ್ನೂ ಕೆಂಪು ಸುರಮಂಜಿಯನ್ನೂ ಇಟ್ಟು ಬಂದರೆ ಬೆಳಗಾಗುವುದರೊಳಗೆ ಗೋಪುರದ ಮೇಲೆ ಬಣ್ಣ ಬಿದ್ದಿರುತ್ತದೆಂದು ನಂಬಿಕೆ. ಯಾವ ಬಣ್ಣ ಹೆಚ್ಚು, ಯಾವ ಕಡೆ ಹೆಚ್ಚು ಎಂದು ನೋಡಿ ಮುಂಗಾರಿಯೋ ಹಿಂಗಾರಿಯೋ ಹೇಳುತ್ತಾರೆ. ಕಾರಹುಣ್ಣಿಮೆಯ ದಿನ ಕರಿ ಹರಿಯುವಾಗ ಬಿಳಿ ಎತ್ತು ಮುಂದಾದರೆ ಹಿಂಗಾರಿ, ಕಂದು ಎತ್ತು ಮುಂದಾದರೆ ಮುಂಗಾರಿ. ತುಂಗಭದ್ರೆಯಾಚೆ ಮೈಲಾರದಲ್ಲಿ ಗೊರವಯ್ಯ ಬಿಲ್ಲನೇರಿ "ಸದ್ದಲೇ" ಎಂದು ಜನಸಾಗರವನ್ನೇ ಬಾಯಿ ಮುಚ್ಚಿಸಿ ಒಂದು ಸಾಲು ನುಡಿದು ಕೆಳಗೆ ಬಿದ್ದರೆ, ಆ ಸಾಲಿನಲ್ಲಿ ಮಳೆ ಇದೆಯೋ ಮಂತ್ರಿಮಂಡಲ ಇದೆಯೋ ಎಂದು ಪತ್ರಿಕೆಗಳು ವಾರ ಚರ್ಚಿಸುತ್ತವೆ. ಇವನ್ನೆಲ್ಲ ನಂಬುವವನಲ್ಲ ನಾನು. ಆದರೆ ಇವನ್ನು ಕಟ್ಟಿದವರಿಗೆ ರೈತನ ಪ್ರಶ್ನೆ ಯಾವುದೆಂದು ಗೊತ್ತಿತ್ತು ಎಂಬುದನ್ನು ಒಪ್ಪುತ್ತೇನೆ. ಗಜೇಂದ್ರಗಡದ ಸುತ್ತ ಕೆಂಪು ಮಣ್ಣಿನ ಮಸಾರಿ ಹೊಲವೂ ಉಂಟು, ರೋಣದ ಕಡೆ ಎರಿಯೂ ಉಂಟು. ಮಸಾರಿ ಮುಂಗಾರಿಯ ಭೂಮಿ, ಎರಿ ಹಿಂಗಾರಿಯದು. ಕೈಯಲ್ಲಿರುವ ದುಡ್ಡನ್ನು ಯಾವ ಕಡೆ ಸುರಿಯಬೇಕು ಎನ್ನುವುದೇ ಅವನ ವರ್ಷದ ತೀರ್ಮಾನ. ಎತ್ತು ಅದಕ್ಕೆ ನೇರ ಉತ್ತರ ಕೊಡುತ್ತದೆ. ದೀರ್ಘಾವಧಿ ಸರಾಸರಿಯ ಶೇಕಡಾ 103 ಎನ್ನುವುದಿಲ್ಲ.

ಆ ಶೇಕಡಾವಾರು ಲೆಕ್ಕದ ಹಿಂದೆಯೂ ನಮ್ಮಂಥ ಸೀಮೆಗಳ ಸಂಕಟವೇ ಇದೆ. 1876ರಲ್ಲಿ ಮಳೆ ಕೈಕೊಟ್ಟು ಧಾರವಾಡ, ಕಲಾದಗಿ ಜಿಲ್ಲೆಗಳು ಸೇರಿ ದಕ್ಷಿಣ ಭಾರತದ ಬಹುಭಾಗ ಹಸಿವಿನಿಂದ ನರಳಿದ್ದು ಹವಾಮಾನ ಇಲಾಖೆ ಹುಟ್ಟಿದ ಮರುವರ್ಷ. ಇಲಾಖೆಯ ಮುಖ್ಯಸ್ಥ ಬ್ಲಾನ್‌ಫೋರ್ಡ್‌ಗೆ ಮುಂದಿನ ಮುಂಗಾರು ಹೇಗಿದ್ದೀತು ಹೇಳಪ್ಪಾ ಎಂಬ ಹೊರೆ ಬಿತ್ತು. ಅವರು ಹಿಮಾಲಯದ ಹಿಮ ನೋಡಿ ಹೇಳಲು ಹೊರಟರು. 1886ರಿಂದ ವರ್ಷವರ್ಷ ಮುನ್ಸೂಚನೆ ಬರತೊಡಗಿತು. ಆಮೇಲೆ ಬಂದ ಗಿಲ್ಬರ್ಟ್ ವಾಕರ್ ಇನ್ನೂ ದೂರ ಕಣ್ಣು ಹಾಯಿಸಿ ಶಾಂತಸಾಗರದ ಒತ್ತಡದ ಏರಿಳಿತಕ್ಕೂ ನಮ್ಮ ಮಳೆಗೂ ನಂಟು ಕಂಡರು. ಇವತ್ತು ರೋಣದ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ "ಈ ಸಲ ಎಲ್ನಿನೋ ಐತಂತ" ಎಂದು ಯಾರೋ ಕೆಟ್ಟ ಸೊಸೈಟಿ ಅಧ್ಯಕ್ಷನ ಹೆಸರು ಹೇಳಿದಂತೆ ಹೇಳುವುದನ್ನು ವಾಕರ್ ಸಾಹೇಬರು ಕೇಳಿದ್ದರೆ ಖುಷಿಪಡುತ್ತಿದ್ದರು.

ಆಷಾಢದಲ್ಲಿ ಗಜೇಂದ್ರಗಡದ ಗುಡ್ಡದ ಮೇಲೆ ನಿಂತವರಿಗೆ ಮಾತ್ರ ಶಾಂತಸಾಗರ ಬೇಡ. ಗಾಳಿ ಎಂದರೆ ಎಂಥ ಗಾಳಿ, ತಲೆಯ ರುಮಾಲು ಕೈಯಲ್ಲಿ ಹಿಡಿದುಕೊಳ್ಳಬೇಕು. ಸಾಲು ಸಾಲು ಗಾಳಿಯಂತ್ರಗಳು ಗಿರಗಿರ ತಿರುಗುತ್ತಿರುತ್ತವೆ, ಕೆಳಗೆ ಹೊಲದಲ್ಲಿ ಬಿತ್ತಿದ್ದು ಬಾಡುತ್ತಿರುತ್ತದೆ. ಈ ಫ್ಯಾನುಗಳೇ ಮೋಡ ಓಡಿಸುತ್ತವೆ ಎಂಬ ಮಾತು ಹಳ್ಳಿಹಳ್ಳಿಯಲ್ಲಿದೆ. ಓದಿದವರು ನಗುತ್ತಾರೆ: ಯಂತ್ರದ ಎತ್ತರ ನೂರು ಮೀಟರ್ ಆಸುಪಾಸು, ಮೋಡ ಅದಕ್ಕೂ ಎಷ್ಟೋ ಮೇಲೆ. ನಗು ಸರಿ, ಆದರೆ ಗುಮಾನಿಗೆ ಬುಡವೇ ಇಲ್ಲವೆನ್ನಲಾರೆ. ಯಂತ್ರ ತಿರುಗಿಸುವ ಗಾಳಿ ಅದೇ ಮುಂಗಾರಿನ ಗಾಳಿ. ಅರಬ್ಬೀ ಕಡಲಿಂದ ಹೊತ್ತು ತಂದದ್ದನ್ನು ಖಾನಾಪುರದ ಕಣಕುಂಬಿಯ ಕಾಡಿನಲ್ಲಿ ಸುರಿದು, ಘಟ್ಟ ಇಳಿದು ಬಯಲಿಗೆ ಬರುವಾಗ ಬರೀ ಬಿರುಸು ಉಳಿದಿರುತ್ತದೆ. ಯಂತ್ರ ಜೋರಾಗಿ ತಿರುಗಿದ ದಿನ ಮಳೆಯಿಲ್ಲ ಎಂದು ಕಂಡವನ ಕಣ್ಣು ಸರಿಯಾಗಿಯೇ ಕಂಡಿದೆ. ಕಾರಣ ಮಾತ್ರ ನೂರಾರು ಕಿಲೋಮೀಟರ್ ಆಚೆ ಇದೆ. ಸೆಪ್ಟೆಂಬರ್ ಹೊತ್ತಿಗೆ ಈ ಗಾಳಿ ಸೋತು, ಮೂಡಣದಿಂದ ಬಂಗಾಳ ಕೊಲ್ಲಿಯ ಮೋಡ ಬಂದಾಗಲೇ ನಮ್ಮ ಉತ್ತರಿ, ಹಸ್ತದ ಮಳೆ. ಮೋಡ ಬಿತ್ತನೆಯನ್ನೂ ಮಾಡಿ ನೋಡಿದರು. 2017ರ ವರ್ಷಧಾರೆ ಯೋಜನೆಯಲ್ಲಿ ಗದಗಿನಲ್ಲೂ ರೇಡಾರ್ ಕೂಡಿಸಿದ್ದರು. ವಿಮಾನದ ಸದ್ದು ಕೇಳಿದರೆ ಜನ ಅಂಗಳಕ್ಕೆ ಬಂದು ಕತ್ತೆತ್ತುತ್ತಿದ್ದರು. ಬಿದ್ದ ಮಳೆ ವಿಮಾನದ್ದೋ ದೇವರದ್ದೋ ಎಂಬ ವ್ಯಾಜ್ಯ ಬಗೆಹರಿಯಲಿಲ್ಲ.

ನಾನು ಕಂಡ ಮುನ್ಸೂಚಕರಲ್ಲಿ ನನಗೆ ಹೆಚ್ಚು ಭರವಸೆ ಕುರಿಯವರ ಮೇಲೆ. ಎರಿ ಹೊಲದಲ್ಲಿ ಹಟ್ಟಿ ಹಾಕಿದವರು ಮಳೆಗೆ ಮುಂಚೆ ಜಾಗ ಬಿಡಲೇಬೇಕು. ಹಸಿ ಎರಿಯಲ್ಲಿ ಕುರಿಯ ಕಾಲು ಹುಗಿಯುತ್ತದೆ, ಗೊರಸು ಕೊಳೆಯುತ್ತದೆ, ಮರಿ ಸಾಯುತ್ತವೆ. ಅವರು ಕಂಬಳಿ ಹೆಗಲಿಗೇರಿಸಿ ಮಸಾರಿಯ ಕಡೆ, ಗುಡ್ಡದ ಕಡೆ ಹೊರಟರೆಂದರೆ ನಾನು ಮಾಳಿಗೆಯ ಮೇಲಿನ ಮೆಣಸಿನಕಾಯಿ ಬಾಚಿಕೊಳ್ಳುತ್ತೇನೆ. ಮುನ್ಸೂಚನೆ ತಪ್ಪಿದರೆ ಅವನದೇ ಮರಿ ಹೋಗುತ್ತದೆ ಎನ್ನುವುದು ದೊಡ್ಡ ಮಾತು. ಬೆಂಗಳೂರಿನಲ್ಲೋ ಪುಣೆಯಲ್ಲೋ ಕೂತು ಹೇಳುವವರಿಗೆ ವಿದ್ಯೆ ಹೆಚ್ಚಿರಬಹುದು, ಮರಿ ಇಲ್ಲ.

ಹಾಗೆಂದು ಬೆಂಗಳೂರಿನವರು ಸುಮ್ಮನೆ ಕೂತಿಲ್ಲ. 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದದ್ದು ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿಗೊಂದರಂತೆ ರಾಜ್ಯದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕ ನಿಲ್ಲಿಸಿದ್ದಾರೆ; ಹದಿನೈದು ನಿಮಿಷಕ್ಕೊಮ್ಮೆ ತಾವಾಗಿ ಲೆಕ್ಕ ಕಳಿಸುತ್ತವೆ. ತಹಸೀಲ್ದಾರ ಕಚೇರಿಯ ಅಂಗಳದ ಹಳೆಯ ಮಾಪಕವನ್ನು ಬೆಳಿಗ್ಗೆ ಎಂಟೂವರೆಗೆ ಸಿಪಾಯಿ ನೋಡಿ ಬರೆಯುತ್ತಿದ್ದ ಕಾಲಕ್ಕೆ ಹೋಲಿಸಿದರೆ ಇದು ಬೇರೆಯೇ ಲೋಕ. ವರುಣಮಿತ್ರಕ್ಕೆ ಫೋನ್ ಹಚ್ಚಿದರೆ ನಡುರಾತ್ರಿಯಲ್ಲೂ ಕನ್ನಡದಲ್ಲಿ ಉತ್ತರ ಸಿಗುತ್ತದೆ. ಆದರೆ ಬಿದ್ದದ್ದನ್ನು ಅಳೆಯುವುದು ಬೇರೆ, ಬೀಳುವುದನ್ನು ಕಾಣುವುದು ಬೇರೆ. ಪಣಜಿಯ ಡಾಪ್ಲರ್ ರೇಡಾರಿನಿಂದ ರೋಣ ಇನ್ನೂರು ಕಿಲೋಮೀಟರ್ ದೂರ. ಭೂಮಿ ದುಂಡಗಿರುವುದರಿಂದ ಅದರ ಕಿರಣ ನಮ್ಮ ತಲೆಯ ಮೇಲೆ ಬರುವಾಗ ಸುಮಾರು ನಾಲ್ಕು ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಮೋಡದ ನೆತ್ತಿ ಕಂಡೀತು, ಕಾಲು ಕಾಣದು. ಜಿಲ್ಲಾಮಟ್ಟದಲ್ಲಿ ರೈತರಿಗೆ ವಾರಕ್ಕೆರಡು ಸಲ ಬೆಳೆಗೆ ತಕ್ಕ ಸಲಹೆ ಕೊಡಲೆಂದು ದೇಶದಲ್ಲಿ ತೆರೆದಿದ್ದ 199 ಘಟಕಗಳನ್ನು 2024ರ ಆರಂಭದಲ್ಲಿ ಮುಚ್ಚಿದರು. ಮಾದರಿಯ ಚೌಕ ಚಿಕ್ಕದಾಗುತ್ತಿರುವಾಗ ಚೌಕದೊಳಗೆ ನಿಂತು ಮಾತಾಡುವ ಮನುಷ್ಯನನ್ನು ಮನೆಗೆ ಕಳಿಸಿದ್ದು ನನಗೆ ಇನ್ನೂ ಅರ್ಥವಾಗಿಲ್ಲ.

ನನ್ನ ಅಕ್ಕನ ಮಗ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿದ್ದಾನೆ, ಕಡಲ ನಡುವೆ ಎಣ್ಣೆ ತೆಗೆಯುವ ಕೆಲಸ. ಅಲ್ಲಿಯ ರೇಡಿಯೋದಲ್ಲಿ ಹಡಗಿನವರ ಮುನ್ಸೂಚನೆ ಕೇಳಿಸಿದ ಒಮ್ಮೆ. ಮುನ್ನೂರೈವತ್ತು ಪದಗಳ ಮಿತಿಯಲ್ಲಿ ಕಡಲಿನ ಒಂದೊಂದು ತುಂಡಿನ ಹೆಸರು ಕೂಗಿ, ಗಾಳಿ ಯಾವ ದಿಕ್ಕಿನಿಂದ, ಎಷ್ಟು ಜೋರು, ಕಣ್ಣು ಎಷ್ಟು ದೂರ ಹರಿದೀತು, ಇಷ್ಟೇ. ವೈಕಿಂಗ್, ಕ್ರೊಮಾರ್ಟಿ, ಫೇರ್ ಐಲ್, ಫೆರೋಸ್. ಆ ಫೇರ್ ಐಲ್ ಎನ್ನುವುದು ಬಡಗಣ ಕಡಲಿನ ಒಂದು ನಡುಗಡ್ಡೆ. ಉದ್ದ ಐದು ಕಿಲೋಮೀಟರ್, ಜನ ಐವತ್ತರ ಆಸುಪಾಸು. ಅದರ ಹೆಸರು ದಿನವೂ ದೇಶದ ರೇಡಿಯೋದಲ್ಲಿ. ನನಗೆ ಹೊಟ್ಟೆಕಿಚ್ಚಾಯಿತು. ರೋಣ, ನರಗುಂದದ ಹೆಸರು ಹವಾಮಾನದ ಸುದ್ದಿಯಲ್ಲಿ ಬರಬೇಕಾದರೆ ನಾವೂ ನಡುಗಡ್ಡೆಯಾಗಬೇಕು.

ಆಗುತ್ತೇವೆ ಕೂಡ. ಗದಗ ಜಿಲ್ಲೆಯ ಬಡಗಣ ಅಂಚಿನಲ್ಲಿ ಮಲಪ್ರಭೆ ಹರಿಯುತ್ತದೆ. ಕೊಣ್ಣೂರು, ಲಖಮಾಪುರ, ಹೊಳೆಆಲೂರು, ಮೆಣಸಗಿ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿನ ಮಳೆಗೆ ಒಮ್ಮೆ, 2019ರ ಆಗಸ್ಟಿನಲ್ಲಿ ಮತ್ತೊಮ್ಮೆ ನೀರು ಇವನ್ನು ಸುತ್ತಿಕೊಂಡಿತು. ಕೊಣ್ಣೂರಿನ ಸೇತುವೆ ಮುಳುಗಿ ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿಯೇ ಬಂದಾಯಿತು. ಕಾಲುವೆ ನೀರು ಕಾಣದ ಹೊಲಕ್ಕೂ ಕರ ಕೇಳಿದರೆಂದು 1980ರ ಜುಲೈ 21ರಂದು ಎದ್ದು ಗುಂಡು ಎದುರಿಸಿದ ನರಗುಂದ, 2015ರಿಂದ ಮಹದಾಯಿ ನೀರು ಬೇಕೆಂದು ವರ್ಷಗಟ್ಟಲೆ ಪೆಂಡಾಲಿನಲ್ಲಿ ಕೂತ ನರಗುಂದ, ನೀರು ಬಂತೆಂದು ಪರಿಹಾರ ಕೇಂದ್ರಕ್ಕೂ ಓಡಬೇಕಾಯಿತು.

ಈ ನಡುಗಡ್ಡೆಗಳ ವಿಚಿತ್ರವೆಂದರೆ ಅವಕ್ಕೆ ತಮ್ಮ ತಲೆಯ ಮೇಲಿನ ಆಕಾಶದಿಂದ ಏನೂ ಉಪಯೋಗವಿಲ್ಲ. ಲಖಮಾಪುರದಲ್ಲಿ ನಿಚ್ಚಳ ಬಿಸಿಲಿದ್ದಾಗಲೂ ನೀರು ಬರಬಹುದು. ಕಣಕುಂಬಿ, ಜಾಂಬೋಟಿಯ ಕಡೆ ಸುರಿದದ್ದು ಸವದತ್ತಿಯ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಲ್ಲುತ್ತದೆ. ಆ ಅಣೆಕಟ್ಟು ಹಿಡಿಯುವುದು 37 ಟಿಎಂಸಿ ಚಿಲ್ಲರೆ. ತುಂಬದ ವರ್ಷಗಳು ಒಂದರ ಮೇಲೊಂದು ಬಂದು ಕೆಳಗಿನ ಹೊಳೆ ಬತ್ತಿ, ಪಾತ್ರದೊಳಗೇ ಜೋಳ, ಕಬ್ಬು ನಿಂತಿರುತ್ತವೆ. ಆಮೇಲೆ ಒಂದು ವರ್ಷ ಗೇಟು ಎತ್ತುತ್ತಾರೆ. ಹೊಳೆಗೆ ತನ್ನ ಹಳೆಯ ಅಗಲ ನೆನಪಾಗುತ್ತದೆ. ಹಾಗಾಗಿ ಅಲ್ಲಿಯವರು ಮುಗಿಲು ನೋಡುವುದಿಲ್ಲ, ಮೊಬೈಲ್ ನೋಡುತ್ತಾರೆ. ಡಂಗುರ ಸಾರುವವನೂ ಪಂಚಾಯಿತಿಯವರೂ ಬರುತ್ತಾರೆ, ಆದರೆ ಅದಕ್ಕೂ ಮುಂಚೆ ಸುದ್ದಿ ತಲುಪಿಸುವ ಒಂದು ಜಾಲ ಇದೆ.

ಮೆಣಸಗಿಯ ಕಡೆ ನನಗೆ ಬೇಕಾದವರ ಒಂದು ಮನೆಯುಂಟು. ಅವರ ಹಿರಿಯ ಮಗಳನ್ನು ರಾಮದುರ್ಗಕ್ಕೆ ಕೊಟ್ಟಿದ್ದಾರೆ, ಮೈದುನನ ಮಗಳು ಮುನವಳ್ಳಿಯಲ್ಲಿ. ಎರಡೂ ಹೊಳೆಯ ಮೇಲಿನ ಊರು. ಮಳೆಗಾಲದಲ್ಲಿ ಆ ಮನೆಯ ಯಜಮಾನಿ ರಾತ್ರಿ ಊಟವಾದ ಮೇಲೆ ಮೊದಲು ಮುನವಳ್ಳಿಗೆ, ಆಮೇಲೆ ರಾಮದುರ್ಗಕ್ಕೆ ಫೋನ್ ಹಚ್ಚುತ್ತಾಳೆ. "ಯವ್ವಾ, ಉಂಡ್ರ್ಯಾ? ನಿಮ್ಮಲ್ಲೆ ಹೊಳಿ ಹ್ಯಾಂಗೈತಿ?" "ಹಳೇ ಸೇತುವಿ ಕಾಣವಲ್ದು ಯವ್ವಾ." ಅಷ್ಟು ಕೇಳಿದ್ದೇ ತಡ, ಜೋಳದ ಚೀಲ ಅಟ್ಟಕ್ಕೆ, ಎಮ್ಮೆ ಎತ್ತರದ ಹಿತ್ತಿಲಿಗೆ. ಸುಳ್ಳು ಹೇಳಿದರೆ ಮಗಳ ತವರುಮನೆಯೇ ಮುಳುಗುತ್ತದೆ. ಇಂಥ ಮುನ್ಸೂಚನೆಗೆ ಸಾಕ್ಷಿ ಬೇರೆ ಬೇಡ.

ಮಲಪ್ರಭೆಯ ಏರ್ಪಾಟು ಇಷ್ಟು ಪಕ್ಕಾ. ಕಾಟ ಕೊಡುವುದು ಬೆಣ್ಣೆಹಳ್ಳ. ಶಿಗ್ಗಾವಿಯ ದುಂಡಶಿಯ ಕಡೆ ಹುಟ್ಟಿ, ಕುಂದಗೋಳ, ಹುಬ್ಬಳ್ಳಿ, ನವಲಗುಂದದ ಎರಿ ತೊಳೆದುಕೊಂಡು, ಯಾವಗಲ್ಲಿನ ಹೊಲ ಹೊಕ್ಕು ಮೆಣಸಗಿಯ ಹತ್ತಿರ ಹೊಳೆ ಸೇರುತ್ತದೆ. ಅದಕ್ಕೆ ಅಣೆಕಟ್ಟಿಲ್ಲ, ಗೇಟಿಲ್ಲ, ಇಷ್ಟು ಬಿಟ್ಟೆವೆಂದು ಹೇಳುವ ಇಂಜಿನಿಯರ್ ಇಲ್ಲ. ಹುಬ್ಬಳ್ಳಿಯಲ್ಲಿ ಸಂಜೆ ಚರಂಡಿ ತುಂಬಿತೆಂದು ಜನ ಬೈಯುವ ಮಳೆ, ಒಂದೆರಡು ದಿನದಲ್ಲಿ ಇಲ್ಲಿ ಯಾರದೋ ಗೋವಿನಜೋಳ ಮಲಗಿಸುತ್ತದೆ. ಹೊಳೆಯ ಸುದ್ದಿ ಎರಡು ಕಡೆಯಿಂದ ಬರುವ ಆ ಮನೆಗೆ ಹಳ್ಳದ ಸುದ್ದಿ ಒಂದು ಕಡೆಯಿಂದಲೂ ಇಲ್ಲ.

ಹೋದ ಸಲ ಹೋದಾಗ ಮೊಮ್ಮಗಳಿಗೆ ಎರಡು ಕಡೆಯಿಂದ ವರ ಬಂದಿತ್ತು. ಒಬ್ಬ ಪಟ್ಟದಕಲ್ಲಿನವ, ಸರಕಾರಿ ನೌಕರಿ. ಇನ್ನೊಬ್ಬ ಕುಂದಗೋಳದವ, ಒಕ್ಕಲುತನ, ಹೊಲ ಹಳ್ಳದ ದಂಡೆಗೇ. ಮನೆಯ ಗಂಡಸರೆಲ್ಲ ನೌಕರಿಯ ಕಡೆ ಒಲಿದಿದ್ದರು. ಯಜಮಾನಿ ಅವಲಕ್ಕಿ ತಟ್ಟೆ ನನ್ನ ಮುಂದಿಟ್ಟು, "ನೀವರ ಹೇಳ್ರಿ ಅಣ್ಣಾರ, ಪಟ್ಟದಕಲ್ಲು ಹೊಳಿ ಕೆಳಗ ಆತು. ಅವ್ರ ನಮಗ ಫೋನ್ ಹಚ್ಚಿ ನೀರ ಎಷ್ಟೈತಿ ಅಂತ ಕೇಳ್ತಾರ. ನಮಗ ಹೇಳಾವರು ಬೇಕೋ, ಕೇಳಾವರು ಬೇಕೋ?" ಎಂದಳು.